‘ಬೇಡ’ ಎನ್ನುವ ಅಧಿಕಾರ

ನ್ಯಾಯಾಧೀಶರನ್ನು ಆರಿಸುವ ಸಮಿತಿಯಲ್ಲಿ ಯಾರಿರಬೇಕು ಎಂಬ ಮಾತು ಬಂದಾಗ ನಾವು ಮೊದಲು ತಲೆ ಎಣಿಸುತ್ತೇವೆ. ಸಂವಿಧಾನದ 99ನೇ ತಿದ್ದುಪಡಿ ರೂಪಿಸಿದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದಲ್ಲಿ ಆರು ಮಂದಿ: ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಕಾನೂನು ಸಚಿವರು, ಇಬ್ಬರು ಗಣ್ಯರು. ಎಣಿಸಿದರೆ ಸಮಪಾಲು. ಆದರೆ ಯಾವುದೇ ಇಬ್ಬರು ಒಪ್ಪದಿದ್ದರೆ ಶಿಫಾರಸು ಮಾಡುವಂತಿರಲಿಲ್ಲ. ಮೂವರು ನ್ಯಾಯಮೂರ್ತಿಗಳು ಒಮ್ಮತದಿಂದ ಬಯಸಿದ ಹೆಸರನ್ನೂ ಇಬ್ಬರು ಗಣ್ಯರು ತಡೆಯಬಹುದಿತ್ತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 4–1 ಬಹುಮತದಿಂದ ಆಯೋಗವನ್ನೇ ರದ್ದುಮಾಡಿತು, ಕೊಲಿಜಿಯಂ ಉಳಿಯಿತು.

ಕೋರ್ಟಿನಲ್ಲಿ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಆಯ್ಕೆ ಅದರ ಕೈಗೆ ಹೋಗಬಾರದೆಂಬ ಆತಂಕ ಸಹಜ. ಆದರೆ ತಮ್ಮವರನ್ನು ತಾವೇ ಆರಿಸಿಕೊಳ್ಳುವವರೂ ನಿರ್ಲಿಪ್ತರಲ್ಲ. ಹಾಗಾದರೆ ಜನಸಾಮಾನ್ಯರನ್ನು ಕೂರಿಸೋಣವೇ? ಅಮೆರಿಕದ ಮಿಸೌರಿ ರಾಜ್ಯ 1940ರಲ್ಲೇ ಆ ದಾರಿ ಹಿಡಿಯಿತು. ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳ ಆಯ್ಕೆ ಸಮಿತಿಯಲ್ಲಿ ಒಬ್ಬ ನ್ಯಾಯಾಧೀಶರು, ವಕೀಲರೇ ಚುನಾಯಿಸಿದ ಮೂವರು ವಕೀಲರು, ಮೂವರು ನಾಗರಿಕರು. ಆ ನಾಗರಿಕರನ್ನು ನೇಮಿಸುವವರು ಗವರ್ನರ್! ಪ್ರಶ್ನೆ ಒಂದು ಮೆಟ್ಟಿಲು ಹಿಂದಕ್ಕೆ ಸರಿಯಿತು, ಅಷ್ಟೆ.

ಯಾರ ಹಂಗೂ ಇಲ್ಲದ ಸಮಿತಿ ಎಲ್ಲೂ ಸಿಗದು. ಆದರೂ ಬಗೆಬಗೆಯವರು ಕೂತಲ್ಲಿ ಒಂದು ಲಾಭವಿದೆ. ಒಂದೇ ಬಳಗದವರಿಗೆ ಕಣ್ಸನ್ನೆ ಸಾಕು. ಹೊರಗಿನವರೊಬ್ಬರು ಎದುರಿಗಿದ್ದರೆ ‘ಬೇಡ’ ಎಂದವರು ಯಾಕೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದ್ದನ್ನು ಬರೆದಿಡುವ ಕಟ್ಟಳೆಯೂ ಬೇಕು. ಅದಿಲ್ಲದಿದ್ದರೆ ಎಷ್ಟು ಕುರ್ಚಿ ಹಾಕಿದರೂ ಅಷ್ಟೇ.

ಕಾರಣ ಕೊಡದ ತೀರ್ಪನ್ನು ನಾವು ತೀರ್ಪೆಂದು ಒಪ್ಪುವುದಿಲ್ಲ. ತೀರ್ಪು ಕೊಡುವವರನ್ನು ಆರಿಸುವವರಿಗೆ ಮಾತ್ರ ಆ ಧರ್ಮ ಬೇಡವೇ?