ಇಲ್ಲವೆಂಬ ಉತ್ತರದ ಪ್ರಾಮಾಣ್ಯ

ನೆಲದ ಮೇಲೆ ಗಡಿಗೆ ಇದೆಯೆಂಬುದನ್ನು ಕಣ್ಣು ತಿಳಿಸುತ್ತದೆ. ಅಲ್ಲಿ ಗಡಿಗೆ ಇಲ್ಲವೆಂಬುದನ್ನು ತಿಳಿಸುವುದು ಯಾವುದೆಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಇಂದ್ರಿಯಕ್ಕೆ ಸಂಬಂಧ ಒದಗುವುದು ಇರುವ ವಸ್ತುವಿನೊಡನೆ ಮಾತ್ರವೆಂದು ವಾದಿಸಿದ ಮೀಮಾಂಸಕ ಕುಮಾರಿಲ ಭಟ್ಟನು, ವಸ್ತು ತೋರದಿರುವುದನ್ನೇ, ಎಂದರೆ ಅನುಪಲಬ್ಧಿಯನ್ನೇ, ಅರಿವನ್ನು ಕೊಡುವ ಆರನೆಯ ಪ್ರಮಾಣವೆಂದು ಒಪ್ಪಿದನು. ಮೀಮಾಂಸೆಯ ಇನ್ನೊಂದು ಶಾಖೆಯವರಾದ ಪ್ರಾಭಾಕರರು ಬರಿಯ ನೆಲದ ಅರಿವೇ ಸಾಕು, ಅಭಾವವೆಂಬ ಬೇರೊಂದು ಪದಾರ್ಥ ಬೇಡವೆಂದರು. ನ್ಯಾಯದರ್ಶನದವರಾದ ನೈಯಾಯಿಕರು ಅಭಾವವನ್ನು ಪದಾರ್ಥವೆಂದು ಒಪ್ಪಿಯೂ ಅದರ ಅರಿವು ಪ್ರತ್ಯಕ್ಷದಿಂದಲೇ ಆಗಬಲ್ಲುದೆಂದರು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಪ್ರಮಾಣಗಳೆಂದು ಎಣಿಸುವ ಮಧ್ವಮತದಲ್ಲಿಯೂ ಅನುಪಲಬ್ಧಿಗೆ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಈ ವಿವಾದದ ತಿರುಳು ಎಷ್ಟು ವ್ಯಾವಹಾರಿಕವಾದುದೆಂಬುದನ್ನು ಕಾಣಲು, ಸಿ ಭಾಷೆಯ ರನ್‌ಟೈಮ್ ಲೈಬ್ರರಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ನಿರ್ವಹಿಸುವ ಬಗೆ ಒಳ್ಳೆಯ ನಿದರ್ಶನವಾಗಿದೆ.

ರನ್‌ಟೈಮ್ ಲೈಬ್ರರಿಯೆಂದರೆ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡುವಾಗ ಅದಕ್ಕೆ ಆಧಾರವಾಗಿರುವ ಸಿದ್ಧ ಫಂಕ್ಷನ್‌ಗಳ ಸಂಗ್ರಹ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಂದರೆ ಒಂದು ಪ್ರೋಗ್ರಾಂ ಆರಂಭವಾಗುವಾಗ ಅದನ್ನು ಆರಂಭಿಸಿದ ಪ್ರೋಗ್ರಾಂನಿಂದ ಅದಕ್ಕೆ ಬರುವ, ಹೆಸರು ಮತ್ತು ಬೆಲೆಗಳ ಜೋಡಿಗಳು. 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಬಳಕೆಗೆ ಬಂದ ಈ ಏರ್ಪಾಡಿನಲ್ಲಿ ಪ್ರತಿಯೊಂದು ಪ್ರೋಗ್ರಾಂಗೂ ದೊರೆಯುವುದು ಒಂದು ಪ್ರತಿ ಮಾತ್ರವಾದುದರಿಂದ, ಮಗುವೆನಿಸಿದ ಪ್ರೋಗ್ರಾಂ ತನ್ನ ಪ್ರತಿಯನ್ನು ಎಷ್ಟು ತಿದ್ದಿದರೂ ಹೆತ್ತ ಪ್ರೋಗ್ರಾಂನ ಪ್ರತಿ ಬದಲಾಗುವುದಿಲ್ಲ. ಹೆಸರು ಕೊಟ್ಟರೆ ಬೆಲೆಯನ್ನು ಹುಡುಕಿಕೊಡುವ ಫಂಕ್ಷನ್ನು ಗೆಟ್‌ಎನ್ವ್. ಹುಡುಕಿದ್ದು ಸಿಕ್ಕದಿದ್ದರೆ ಅದು ಯಾವ ಸ್ಥಳವನ್ನೂ ಸೂಚಿಸದ ನಲ್ ಪಾಯಿಂಟರನ್ನು ಹಿಂದಿರುಗಿಸುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು 'ಅಂಥ ವೇರಿಯಬಲ್ ಇಲ್ಲ' ಎಂಬ ಅರ್ಥದಲ್ಲಿ ಸ್ವೀಕರಿಸಿ ಮುಂದೆ ಸಾಗುತ್ತಾರೆ. ಅನುಪಲಬ್ಧಿಯಿಂದ ಅಭಾವಕ್ಕೆ ಹಾರುವ ಈ ಹೆಜ್ಜೆಯೇ ಪರೀಕ್ಷೆಗೆ ಅರ್ಹವಾದುದು.

ಕಾಣದಿರುವುದೆಲ್ಲ ಇಲ್ಲದಿರುವುದಲ್ಲವೆಂಬುದು ಕುಮಾರಿಲನ ಅನುಯಾಯಿಗಳಾದ ಭಾಟ್ಟರಿಗೂ ಗೊತ್ತಿತ್ತು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆಂದಾಗದು. ವಸ್ತು ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎನ್ನುವಂಥ ಸಂದರ್ಭದಲ್ಲಿ ಕಾಣದಿರುವುದಕ್ಕೆ ಮಾತ್ರ, ಎಂದರೆ ಯೋಗ್ಯಾನುಪಲಬ್ಧಿಗೆ ಮಾತ್ರ, ಪ್ರಾಮಾಣ್ಯವುಂಟು. ಈ ಯೋಗ್ಯತೆ ಗೆಟ್‌ಎನ್ವ್‌ಗೆ ಯಾವಾಗಲೂ ಇರುವುದಿಲ್ಲ. ಒಂದೇ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಲ್ಲಿ, ಎಂದರೆ ಥ್ರೆಡ್‌ಗಳಲ್ಲಿ, ಒಂದು ಥ್ರೆಡ್ ವೇರಿಯಬಲ್‌ಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತಿರುವಾಗ ಇನ್ನೊಂದು ಈಗಾಗಲೇ ಓದಿಯಾದ ಹೆಸರೊಂದನ್ನು ಅಳಿಸಿ ಉಳಿದವುಗಳನ್ನು ಒಂದೊಂದು ಸ್ಥಾನ ಹಿಂದಕ್ಕೆ ಸರಿಸಿದರೆ, ಓದುತ್ತಿರುವ ಥ್ರೆಡ್ ಸರಿದುಬಂದ ಒಂದು ಹೆಸರನ್ನು ದಾಟಿಹೋಗಬಹುದು. ಆ ವೇರಿಯಬಲ್ ಮೊದಲಿನಿಂದ ಕೊನೆಯವರೆಗೂ ಪಟ್ಟಿಯಲ್ಲಿಯೇ ಇತ್ತು. ಆದರೂ ಬಂದ ಉತ್ತರ ಇಲ್ಲವೆಂದೇ.

ವಿಂಡೋಸ್‌ನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರಾಸೆಸ್‌ಗೆ, ಎಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೆ, ಒಂದು ಪಟ್ಟಿಯನ್ನು ಇಟ್ಟಿರುವುದಲ್ಲದೆ ಸಿ ಲೈಬ್ರರಿಯೂ ತನ್ನದೇ ಆದ ಪ್ರತಿಯೊಂದನ್ನು ಇಟ್ಟುಕೊಳ್ಳುತ್ತದೆ; ಪ್ರೋಗ್ರಾಂ ಸಿಸ್ಟಮ್‌ನ ಫಂಕ್ಷನ್ನಿನಿಂದ ನೇರವಾಗಿ ವೇರಿಯಬಲ್ ಸೇರಿಸಿದರೆ ಲೈಬ್ರರಿಯ ಗೆಟ್‌ಎನ್ವ್‌ಗೆ ಅದು ಕಾಣುವುದಿಲ್ಲ. ಈ ದೋಷವನ್ನು ವಿವರಿಸಲು ಭಾಟ್ಟರ ಯೋಗ್ಯತೆಗಿಂತ ನೈಯಾಯಿಕರ ವಿಶ್ಲೇಷಣೆಯೇ ಹೆಚ್ಚು ಸಮರ್ಥವೆನ್ನಬೇಕು. ಅವರ ಪ್ರಕಾರ ಬರಿಯ ಅಭಾವವೆಂಬುದಿಲ್ಲ. ಯಾವುದರ ಅಭಾವವೋ ಆ ಪ್ರತಿಯೋಗಿಯನ್ನೂ ಎಲ್ಲಿ ಅಭಾವವೋ ಆ ಅಧಿಕರಣವನ್ನೂ ಹೇಳದೆ 'ಇಲ್ಲ' ಎಂಬ ಮಾತು ಪೂರ್ಣವಾಗದು. ಗೆಟ್‌ಎನ್ವ್ ಇಲ್ಲಿ ಸುಳ್ಳಾಡಿಲ್ಲ, ತನ್ನ ಪ್ರತಿಯಲ್ಲಿ ಇಲ್ಲವೆಂದಷ್ಟೇ ಹೇಳಿದೆ. ಅಧಿಕರಣವನ್ನು ಹಿಗ್ಗಿಸಿ ಇಡೀ ಪ್ರಾಸೆಸ್‌ನಲ್ಲಿಯೇ ಇಲ್ಲವೆಂದು ತಿಳಿದವನದೇ ತಪ್ಪು.

ಬೆಲೆ ಬರಿದಾಗಿರುವುದೂ ವೇರಿಯಬಲ್ ಇಲ್ಲದಿರುವುದೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಗ್ಲಿಬ್‌ಸಿ ಲೈಬ್ರರಿಯಲ್ಲಿ, ಕಾಲವಲಯವನ್ನು ಸೂಚಿಸುವ ಟಿಜೆಡ್ ಎಂಬ ವೇರಿಯಬಲ್ ಇಲ್ಲದಿದ್ದರೆ ಯಂತ್ರದ ಸ್ಥಳೀಯ ಸಮಯ ಬರುತ್ತದೆ, ಇದ್ದು ಖಾಲಿಯಾಗಿದ್ದರೆ ಸಾರ್ವತ್ರಿಕ ಸಮಯ ಬರುತ್ತದೆ. ಭಾರತೀಯ ಸಮಯಕ್ಕೆ ಹೊಂದಿಸಿದ ಯಂತ್ರದಲ್ಲಿ ಈ ಎರಡರ ನಡುವಿನ ಅಂತರ ಐದೂವರೆ ಗಂಟೆ. ವಿಂಡೋಸ್‌ನ ಸಿ ಲೈಬ್ರರಿಯಾದರೋ ಖಾಲಿ ಬೆಲೆಯನ್ನು ಕೊಡಹೋದರೆ ವೇರಿಯಬಲ್ಲನ್ನೇ ತೆಗೆದುಹಾಕುತ್ತದೆ. ಇನ್ನು ಹುಟ್ಟುವುದಕ್ಕೆ ಮುಂಚಿನ ಪ್ರಾಗಭಾವವನ್ನೂ ನಾಶದ ನಂತರದ ಪ್ರಧ್ವಂಸಾಭಾವವನ್ನೂ ನೈಯಾಯಿಕರು ಬೇರೆಬೇರೆಯಾಗಿ ಎಣಿಸಿದರೂ, ನಲ್ ಪಾಯಿಂಟರ್ ಆ ಭೇದವನ್ನು ಅರಿಯದು.

ಇವೆಲ್ಲಕ್ಕಿಂತ ವಿಲಕ್ಷಣವಾದುದು ಗ್ಲಿಬ್‌ಸಿಯ ಸೆಕ್ಯೂರ್ ಗೆಟ್‌ಎನ್ವ್. ಓಡಿಸಿದವನಿಗಿಂತ ಹೆಚ್ಚಿನ ಅಧಿಕಾರದಿಂದ ಓಡುವ ಪ್ರೋಗ್ರಾಂಗಳಲ್ಲಿ ಇದು, ವೇರಿಯಬಲ್ ಇದ್ದರೂ ನಲ್ ಪಾಯಿಂಟರನ್ನೇ ಕೊಡುತ್ತದೆ, ಏಕೆಂದರೆ ಆ ಬೆಲೆಯನ್ನು ಇಟ್ಟವನು ಅಧಿಕಾರದ ದುರುಪಯೋಗಕ್ಕಾಗಿಯೇ ಅದನ್ನು ಇಟ್ಟಿರಬಹುದು. ಹೆತ್ತ ಪ್ರೋಗ್ರಾಂನಿಂದ ಬಂದ ವೇರಿಯಬಲ್ ಒಂದು ಬಗೆಯ ಶಬ್ದವೆಂದು, ಎಂದರೆ ಇನ್ನೊಬ್ಬರ ಮಾತಿನಿಂದ ದೊರೆತ ತಿಳಿವೆಂದು, ಎಣಿಸಿದರೆ ಇಲ್ಲಿ ನಡೆದಿರುವುದು ವಕ್ತೃವು ಆಪ್ತನೇ, ನಂಬಿಕೆಗೆ ಅರ್ಹನೇ ಎಂಬ ವಿಚಾರ. ಹಾಗಾಗಿ ಈ ಉತ್ತರವನ್ನು ಅಭಾವದ ಪ್ರಕರಣದಿಂದ ತೆಗೆದು ಶಬ್ದಪ್ರಮಾಣದ ಪ್ರಕರಣದಲ್ಲಿ ಚರ್ಚಿಸುವುದೇ ಉಚಿತ.