ನೆಲ ಡೊಂಕೋ, ಕುಣಿತ ಡೊಂಕೋ?



"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಅಂಕ ಕಡಿಮೆ ಬಂದರೆ ಪೆನ್ನನ್ನು ದೂರಬಾರದು, ಸಾರು ಕೆಟ್ಟರೆ ಒಲೆಯನ್ನು ದೂರಬಾರದು ಎಂದು ಹಿರಿಯರು ಕಲಿಸಿದರು. ಒಳ್ಳೆಯ ಪಾಠವೇ. ಆದರೆ ಆ ಗಾದೆ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದೇ ಇಲ್ಲ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ದಿನವೂ ಎದುರಿಸುವ ಒಂದು ಕಸುಬು ಈ ದೇಶದಲ್ಲಿದೆ. ಗಾಲ್ಫ್ ಕ್ಲಬ್ಬುಗಳನ್ನು ಆಯಾ ಆಟಗಾರನ ಮೈಕಟ್ಟಿಗೆ, ಬೀಸಿಗೆ ಹೊಂದಿಸಿಕೊಡುವ ಕಸುಬು ಅದು. 'ಕ್ಲಬ್ ಫಿಟ್ಟಿಂಗ್' ಎನ್ನುತ್ತಾರೆ. ಗಾಲ್ಫಿಗೂ ನಮಗೂ ಏನು ನಂಟು ಎನ್ನಬೇಡಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಾಲ್ಕನೆಯವಳಾಗಿ, ಒಂದೇ ಒಂದು ಹೊಡೆತದಲ್ಲಿ ಪದಕದ ಸಾಲು ತಪ್ಪಿಸಿಕೊಂಡದ್ದು ನಮಗೆಲ್ಲ ನೆನಪಿದೆ.

ಇಲ್ಲಿಯ ರೆಡಿಮೇಡ್ ಶರ್ಟಿನ ತೋಳು ನಮ್ಮಲ್ಲಿ ಹಲವರಿಗೆ ಬೆರಳ ತುದಿ ಮುಟ್ಟುತ್ತದಲ್ಲವೇ? ಕ್ಲಬ್ಬಿನ ಕಥೆಯೂ ಅದೇ. ಕೋಲಿಗೂ ನೆಲಕ್ಕೂ ನಡುವಿನ ಕೋನ ಆಟಗಾರನಿಗೆ ಹೊಂದಬೇಕು. ಎತ್ತರದವನ ಕೈಯಲ್ಲಿ ಮಾಮೂಲು ಕ್ಲಬ್ಬಿನ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ. ಬಲಗೈ ಆಟಗಾರನಾದರೆ ಚೆಂಡು ಬಲಕ್ಕೆ ಓಡುತ್ತದೆ. ಕುಳ್ಳನ ಕೈಯಲ್ಲಿ ತುದಿ ಮೇಲೆದ್ದು ಚೆಂಡು ಎಡಕ್ಕೆ ಹೋಗುತ್ತದೆ. ಹೊಂದಿಸುವವರು ಕ್ಲಬ್ಬಿನ ತಳಕ್ಕೆ ಟೇಪು ಅಂಟಿಸಿ, ಗಟ್ಟಿ ಹಲಗೆಯ ಮೇಲಿಟ್ಟ ಚೆಂಡನ್ನು ಹೊಡೆಸಿ ನೋಡುತ್ತಾರೆ. ಟೇಪಿನ ನಡುವೆ ಗುರುತು ಬಿದ್ದರೆ ಸರಿ; ಅತ್ತಿತ್ತ ಬಿದ್ದರೆ ಕ್ಲಬ್ಬಿನ ಕತ್ತನ್ನು ಒಂದೆರಡು ಡಿಗ್ರಿ ಬಗ್ಗಿಸುತ್ತಾರೆ. ಹಿಡಿಯ ದಪ್ಪ, ಕೋಲಿನ ಉದ್ದ, ಅದು ಎಷ್ಟು ಬಳುಕಬೇಕು ಎಂಬುದನ್ನೂ ಹೀಗೆಯೇ ನೋಡುತ್ತಾರೆ.

ಈ ಪದ್ಧತಿಯನ್ನು ಸಾಮಾನ್ಯ ಆಟಗಾರರವರೆಗೆ ತಂದವರಲ್ಲಿ ಕಾರ್ಸ್ಟನ್ ಸೋಲ್ಹೈಮ್ ಮುಖ್ಯರು. ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಈ ದೇಶಕ್ಕೆ ಬಂದವರು. ಅಂದರೆ ನಮ್ಮ ಹಾಗೆ ವಲಸಿಗರೇ. ತಂದೆಯದು ಜೋಡು ಹೊಲಿಯುವ ಕಸುಬು, ಮಗನೂ ಅದರಲ್ಲಿ ಕೈ ಪಳಗಿಸಿಕೊಂಡವರು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಾಗ 1959ರಲ್ಲಿ 'ಪಿಂಗ್' ಹೆಸರಿನ ಪಟ್ಟರ್ ಮಾಡಿದರು. 1970ರ ದಶಕದಲ್ಲಿ ಅವರ ಕಂಪನಿ ಆಟಗಾರನ ಎತ್ತರವನ್ನೂ ಮಣಿಕಟ್ಟಿನಿಂದ ನೆಲಕ್ಕಿರುವ ಅಂತರವನ್ನೂ ಅಳೆದು, ಬಣ್ಣದ ಚುಕ್ಕೆಗಳಿಂದ ಕ್ಲಬ್ಬಿನ ಕೋನ ಗುರುತಿಸುವ ಕ್ರಮ ತಂದಿತು. ಕಾಲಿಗೆ ತಕ್ಕ ಜೋಡು ಹೊಲಿದವರಿಗೆ ಕೈಗೆ ತಕ್ಕ ಕೋಲು ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಬೀಸೇ ಕೆಟ್ಟದ್ದಾಗಿದ್ದರೆ? ಸೋಮಾರಿತನದಿಂದ ಬಂದ ಓರೆ ಬೀಸಿಗೆ ಕ್ಲಬ್ಬನ್ನೂ ಓರೆ ಮಾಡಿಕೊಟ್ಟರೆ ಚೆಂಡು ಕೆಲವು ದಿನ ನೆಟ್ಟಗೆ ಹೋದೀತು, ಆದರೆ ದೋಷ ಶಾಶ್ವತವಾಗುತ್ತದೆ. ಟೇಪಿನ ಮೇಲಿನ ಗುರುತು ಅದು ತೋಳಿನ ಉದ್ದದಿಂದ ಬಂದದ್ದೋ ಕೆಟ್ಟ ಅಭ್ಯಾಸದಿಂದ ಬಂದದ್ದೋ ಎಂದು ಹೇಳುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತು ನೋಡುವ ಮನುಷ್ಯನೇ ತೀರ್ಮಾನಿಸಬೇಕು. ತಿದ್ದಿಕೊಳ್ಳಬಲ್ಲದ್ದನ್ನು ತಿದ್ದಿಕೊಳ್ಳಲು ಹೇಳಬೇಕು. ತಿದ್ದಿಕೊಳ್ಳಲಾಗದ ಎತ್ತರ, ವಯಸ್ಸು, ಎಡಗೈತನ ಇವುಗಳಿಗೆ ಉಪಕರಣವೇ ತಗ್ಗಬೇಕು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದೇ ಮಾತಿಗೆ ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸಗಾರರ ಸೀಸದ ಅಳತೆಪಟ್ಟಿಯ ಉದಾಹರಣೆ ಕೊಡುತ್ತಾನೆ. ಆ ಪಟ್ಟಿ ಕಲ್ಲಿನ ಆಕಾರಕ್ಕೆ ಬಾಗುತ್ತಿತ್ತು. ನ್ಯಾಯವೂ ಕೆಲವೊಮ್ಮೆ ಹಾಗೆ ಬಾಗಬೇಕು ಎಂಬುದು ಅವನ ಅಭಿಪ್ರಾಯ.

ಹಾಗಾದರೆ ಎಲ್ಲಿಯವರೆಗೆ ಬಾಗಬೇಕು? ಇದಕ್ಕೆ ಉತ್ತರವೂ ಗಾಲ್ಫಿನಲ್ಲೇ ಸಿಗುತ್ತದೆ. ಕ್ಲಬ್ಬನ್ನು ಹೊಂದಿಸಿಕೊಳ್ಳಬಹುದು, ಆದರೆ ಆಟದ ನಡುವೆ ಅದರ ಗುಣ ಬದಲಾಯಿಸುವಂತಿಲ್ಲ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ಬು ಇರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಸಿರಿನ ಮೇಲಿನ ಗುಳಿ ಎಲ್ಲರಿಗೂ ನಾಲ್ಕೂಕಾಲು ಇಂಚು ಅಗಲವೇ. ಕೋಲು ಅವರವರದು, ಗುಳಿ ಎಲ್ಲರದು.

ಕೇಸಿ ಮಾರ್ಟಿನ್ ಎಂಬ ಆಟಗಾರನ ಮೊಕದ್ದಮೆ ಈ ವಿಚಾರವನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಹುಟ್ಟಿನಿಂದಲೇ ಕಾಲಿನ ರಕ್ತ ಸಂಚಾರದ ಕಾಯಿಲೆಯಿದ್ದ ಆತ, ಪಂದ್ಯಗಳಲ್ಲಿ ನಡೆಯುವ ಬದಲು ಗಾಡಿಯಲ್ಲಿ ಹೋಗಲು ಅನುಮತಿ ಕೇಳಿದ. ಪಿಜಿಎ ಟೂರ್ ಒಪ್ಪಲಿಲ್ಲ. ಪಾಮರ್, ನಿಕ್ಲಾಸ್ ಅವರಂಥ ದಿಗ್ಗಜರು ನಡಿಗೆಯ ಪರವಾಗಿ ಸಾಕ್ಷಿ ನುಡಿದರು. 2001ರಲ್ಲಿ ಸುಪ್ರೀಂ ಕೋರ್ಟ್ 1990ರ ಅಂಗವಿಕಲರ ಕಾಯಿದೆಯ ಅಡಿಯಲ್ಲಿ, 7-2 ಬಹುಮತದಿಂದ ಮಾರ್ಟಿನ್ ಪರ ತೀರ್ಪಿತ್ತಿತು. ಗಾಲ್ಫಿನ ಸತ್ವ ಚೆಂಡು ಹೊಡೆಯುವುದರಲ್ಲಿದೆ, ನಡೆಯುವುದರಲ್ಲಲ್ಲ. ಗಾಡಿಯಲ್ಲಿ ಕುಳಿತರೂ ಮಾರ್ಟಿನ್ ಪಡುವ ಆಯಾಸ ನಡೆಯುವವರಿಗಿಂತ ಹೆಚ್ಚೇ ಎಂಬುದು ಅದರ ತಿರುಳು. ಭಿನ್ನಮತದ ನ್ಯಾಯಮೂರ್ತಿ ಸ್ಕಾಲಿಯಾ ಅವರ ವಾದವೂ ಹಗುರವಾದದ್ದಲ್ಲ. ಆಟದ ನಿಯಮಗಳೆಲ್ಲ ಮನುಷ್ಯ ಮಾಡಿಕೊಂಡವು, ಅವುಗಳಲ್ಲಿ ಯಾವುದು ಸತ್ವ ಯಾವುದು ಅಲ್ಲ ಎಂದು ನ್ಯಾಯಾಲಯ ಹೇಗೆ ಹೇಳೀತು ಎಂದರು. ಆದರೆ ಆ ಸಂಸ್ಥೆಯೇ ಹಿರಿಯ ಆಟಗಾರರ ಪಂದ್ಯಗಳಲ್ಲಿ ಗಾಡಿಗೆ ಅವಕಾಶ ಕೊಟ್ಟಿತ್ತು. ತಾನೇ ಕೆಲವರಿಗೆ ಬಿಟ್ಟುಕೊಟ್ಟದ್ದನ್ನು ಆಟದ ಪ್ರಾಣವೆಂದು ವಾದಿಸುವುದು ಕಷ್ಟ.

ಈಗ ನಮ್ಮ ಮನೆಯೊಳಗೆ ಬರೋಣ. ಓದಲು ತಡವರಿಸುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತೇವೆಂದು ಶಾಲೆಯವರು ಹೇಳಿದಾಗ ನಮ್ಮವರಲ್ಲಿ ಎಷ್ಟೋ ತಂದೆತಾಯಿಗಳು ಹಿಂಜರಿಯುತ್ತಾರೆ. ಸಂಘದಲ್ಲಿ ಗೊತ್ತಾದರೆ ನಾಲ್ಕು ಜನ ಏನಂದಾರು ಎಂಬ ಅಳುಕು ಒಂದು. ನಮ್ಮ ಮಗುವಿಗೆ ರಿಯಾಯಿತಿ ಬೇಡ, ಎಲ್ಲರಂತೆ ಗೆದ್ದು ಬರಲಿ ಎಂಬ ಸ್ವಾಭಿಮಾನ ಇನ್ನೊಂದು. ಎರಡನೆಯದು ಗೌರವಿಸತಕ್ಕ ಭಾವನೆಯೇ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಪರೀಕ್ಷೆ ಅಳೆಯುವುದು ಏನನ್ನು? ಗಣಿತದ ತಿಳಿವಳಿಕೆಯನ್ನು ಅಳೆಯುವುದಾದರೆ, ಪ್ರಶ್ನೆ ಓದಲು ಹಿಡಿಯುವ ಹೊತ್ತು ಕೋಲಿನ ಉದ್ದವಿದ್ದಂತೆ. ಹೊಂದಿಸಿಕೊಟ್ಟರೆ ಯಾರಿಗೂ ಅನ್ಯಾಯವಿಲ್ಲ. ಓದುವ ವೇಗವನ್ನೇ ಅಳೆಯುವ ಪರೀಕ್ಷೆಯಾದರೆ ಅದು ಗುಳಿಯ ಅಗಲ, ಅದನ್ನು ಹಿಗ್ಗಿಸಲಾಗದು. ಮಗುವಿಗೂ ಈ ವ್ಯತ್ಯಾಸವನ್ನು ತಿಳಿಸಿ ಹೇಳಬೇಕು, ಏಕೆಂದರೆ ನಾಳೆ ಗುಳಿಯ ಮುಂದೆ ನಿಲ್ಲುವುದು ಅದೇ.

ಎಡಗೈಯಲ್ಲಿ ಬರೆದದ್ದಕ್ಕೆ ಪೆಟ್ಟು ತಿಂದು ಬಲಗೈಗೆ ಬದಲಾದವರು ನಮ್ಮ ಪೀಳಿಗೆಯಲ್ಲಿ ಕಡಿಮೆಯೇನಿಲ್ಲ. ಅಲ್ಲಿ ಶಿಸ್ತೆಂದು ಕರೆದದ್ದು ಕೋಲಿಗೆ ತಕ್ಕಂತೆ ಕೈಯನ್ನು ಬಗ್ಗಿಸುವ ಕೆಲಸವಾಗಿತ್ತು. ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್ 1963ರಲ್ಲಿ ಎಡಗೈ ಕ್ಲಬ್ಬು ಹಿಡಿದೇ ಬ್ರಿಟಿಷ್ ಓಪನ್ ಗೆದ್ದರು.

ನಮ್ಮ ಗಾದೆಯನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ನೆಪ ಹೇಳುವ ನಾಲಗೆಗೆ ಅದು ಬೇಕು. ಆದರೆ "ನೆಲ ಡೊಂಕು" ಎಂದು ಮಗು ಹೇಳಿದಾಗ, ನಗುವ ಮೊದಲು ಒಮ್ಮೆ ಬಗ್ಗಿ ನೆಲವನ್ನು ನೋಡುವುದು ಹಿರಿಯರಾದ ನಮ್ಮ ಹೊಣೆ. ನೆಲ ಸಮವಾಗಿದ್ದರೆ ಕುಣಿತ ಕಲಿಸೋಣ. ಡೊಂಕಾಗಿದ್ದರೆ ಗುದ್ದಲಿ ತರೋಣ.