ಗದರಿದರೆ ಬರುವಂಥದ್ದಲ್ಲ

ರಾತ್ರಿ ಬಸ್ಸು ಹೆದ್ದಾರಿಯ ಹೋಟೆಲಿನೆದುರು ನಿಂತು ಕಂಡಕ್ಟರ್ ‘ಹತ್ತೇ ನಿಮಿಷ’ ಎಂದು ಕೂಗಿದ ಕೂಡಲೇ ಗಂಡಸರೆಲ್ಲ ದಡದಡ ಇಳಿದು ಒಂದಕ್ಕೆ ಹೋಗುತ್ತಾರೆ. ಆ ಸಾಲಿನಲ್ಲಿ ಒಬ್ಬ ಸುಮ್ಮನೆ ನಿಂತೇ ಇರುತ್ತಾನೆ. ಕಿಬ್ಬೊಟ್ಟೆ ಬಿಗಿದು ನೋಯುತ್ತಿದೆ, ಜಾಗವೂ ಸಿಕ್ಕಿದೆ, ಆದರೆ ಬರುವುದಿಲ್ಲ. ಇನ್ನೇನು ಬಂತು ಅನ್ನುವಾಗ ಪಕ್ಕಕ್ಕೆ ಇನ್ನೊಬ್ಬ ಬಂದು ನಿಂತರೆ ಅದೂ ಹೋಯಿತು. ಹಿಂದಿನಿಂದ ಯಾರಾದರೂ ‘ಬೇಗ ಸಾರ್’ ಅಂದರಂತೂ ಮುಗಿದೇ ಹೋಯಿತು. ಆಯಿತೆಂಬಂತೆ ನಟಿಸಿ, ಜಿಪ್ ಎಳೆದು, ಕೈ ತೊಳೆದು ಬಸ್ಸು ಹತ್ತುತ್ತಾನೆ. ಊರು ಮುಟ್ಟುವವರೆಗೂ ಅವನಿಗೆ ನಿದ್ದೆಯಿಲ್ಲ.

ಇದಕ್ಕೆ ಪ್ಯಾರುರೆಸಿಸ್ ಎಂಬ ಹೆಸರು ಬಂದದ್ದು 1954ರಲ್ಲಿ. ವಿಲಿಯಮ್ಸ್ ಮತ್ತು ಡೆಗೆನ್‌ಹಾರ್ಟ್ ಎಂಬಿಬ್ಬರು ಅಮೆರಿಕದ 1,419 ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಶೇ. 14.4ರಷ್ಟು ಮಂದಿ ತಮಗೂ ಯಾವಾಗಲಾದರೊಮ್ಮೆ, ಇಲ್ಲವೇ ಸದಾ ಹೀಗಾಗುತ್ತದೆ ಎಂದಿದ್ದರು. ಮನೋವೈದ್ಯರು ಇಂದು ಇದನ್ನು ಸಾಮಾಜಿಕ ಆತಂಕದ ಲೆಕ್ಕಕ್ಕೆ ಸೇರಿಸುತ್ತಾರೆ. ಮನೆಯವರು, ಸ್ನೇಹಿತರು ಮಾತ್ರ ಇದಕ್ಕೆ ಒಂದೇ ಮದ್ದು ಹೇಳುವುದು: ‘ಗಂಡಸಾಗಿ ಇದಕ್ಕೆಲ್ಲ ನಾಚಿಕೆಯಾ? ಸ್ವಲ್ಪ ಧೈರ್ಯ ತಗೋ.’

ನನ್ನ ತಕರಾರು ಈ ಧೈರ್ಯದ ಬಗ್ಗೆಯೇ. ಧೈರ್ಯ ಮಾಡಿ ಬಾವಿಗೆ ಹಾರಬಹುದು, ಸಭೆಯಲ್ಲಿ ಎದ್ದು ಮಾತನಾಡಬಹುದು. ಕಾಲು ನಡುಗುತ್ತಿದ್ದರೂ ಆ ಕೆಲಸಗಳು ಆಗುತ್ತವೆ. ಮೂತ್ರ ಹಾಗಲ್ಲ. ತಡೆದು ಹಿಡಿಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಆದರೆ ಬಿಡುವ ಕೆಲಸ ಪೂರ್ತಿ ನಮ್ಮ ಕೈಯಲ್ಲಿಲ್ಲ. ಮೂತ್ರಕೋಶದ ಗೋಡೆ ಸಂಕುಚಿಸಬೇಕು, ಅದರ ಕುತ್ತಿಗೆ ಸಡಿಲವಾಗಬೇಕು. ಮನಸ್ಸು ಆತಂಕಕ್ಕೆ ಬಿದ್ದಾಗ ಚುರುಕಾಗುವ ಸಿಂಪಥೆಟಿಕ್ ನರಗಳು ಇದಕ್ಕೆ ತದ್ವಿರುದ್ಧವಾಗಿ ಗೋಡೆಯನ್ನು ಸಡಿಲಿಸಿ ಕುತ್ತಿಗೆಯನ್ನು ಬಿಗಿಯುತ್ತವೆ. ಹುಲಿ ಅಟ್ಟಿಸಿಕೊಂಡು ಬರುವಾಗ ನಿಂತು ಮೂತ್ರ ಮಾಡುವ ಪ್ರಾಣಿ ಬದುಕಿ ಉಳಿಯದು, ಹಾಗಾಗಿ ದೇಹದ ಈ ಏರ್ಪಾಟಿನಲ್ಲಿ ತಪ್ಪೇನಿಲ್ಲ. ಪಕ್ಕದಲ್ಲಿ ನಿಂತವನು ಹುಲಿಯಲ್ಲ ಎಂದು ಬುದ್ಧಿಗೆ ಗೊತ್ತಿದ್ದರೂ ನರಕ್ಕೆ ಗೊತ್ತಾಗುವುದಿಲ್ಲ, ಅಷ್ಟೆ. ‘ಬಾ, ಬಾ’ ಎಂದು ಒತ್ತಾಯಿಸುವುದೇ ಆತಂಕವಾದ್ದರಿಂದ, ಒತ್ತಾಯಿಸಿದಷ್ಟೂ ಬಾಗಿಲು ಭದ್ರ.

ನಾರ್ವೆಯ ಚಿಂತಕ ಯೋನ್ ಎಲ್ಸ್ಟರ್ 1983ರ ತನ್ನ ಪುಸ್ತಕವೊಂದರಲ್ಲಿ, ನೇರವಾಗಿ ಗುರಿಯಿಟ್ಟು ಪಡೆಯಲಾಗದ, ಬೇರೇನೋ ಮಾಡುತ್ತಿರುವಾಗ ತಾನಾಗಿ ಒದಗುವ ಸ್ಥಿತಿಗಳ ಬಗ್ಗೆ ಬರೆದಿದ್ದಾನೆ. ನಿದ್ದೆ ಅಂಥದ್ದು. ಆದರೆ ಇದನ್ನು ಅರಿಯಲು ನಾರ್ವೆಯತನಕ ಹೋಗಬೇಕಿಲ್ಲ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ರೋಗಗಳ ಮೂಲ ಹೇಳುವಾಗ, ಬಂದ ವೇಗವನ್ನು, ಅಂದರೆ ಮಲಮೂತ್ರಾದಿಗಳ ಸಹಜ ಒತ್ತಡವನ್ನು, ತಡೆಯುವುದರ ಜೊತೆಗೆ ಬಾರದ ವೇಗವನ್ನು ಬಲವಂತವಾಗಿ ಹೊರಡಿಸುವುದನ್ನೂ ಸೇರಿಸುತ್ತದೆ. ನಮ್ಮ ಮನೆಗಳಲ್ಲಿ ‘ತಡೆದುಕೊಳ್ಳಬೇಡ’ ಎಂಬ ಅರ್ಧ ಉಳಿದುಕೊಂಡಿದೆ. ಇನ್ನರ್ಧ ಎಲ್ಲೋ ಬಿದ್ದುಹೋಗಿದೆ.

ಇದು ಕೆಲವೇ ಅಂಜುಬುರುಕರ ಕಾಯಿಲೆ ಎಂದುಕೊಂಡವರು 1976ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ಮಿಡ್ಲ್‌ಮಿಸ್ಟ್ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯವೊಂದರ ಗಂಡಸರ ಶೌಚಾಲಯದಲ್ಲಿ, ಕಕ್ಕಸಿನೊಳಗೆ ಪುಸ್ತಕಗಳ ಅಟ್ಟಿ ಇಟ್ಟು ಅದರಲ್ಲಿ ಪೆರಿಸ್ಕೋಪ್ ಅಡಗಿಸಿ, ಮೂರು ಮೂತ್ರದ ಬೇಸಿನ್ನುಗಳ ಮುಂದೆ ನಿಂತ 60 ಮಂದಿಯ ಸಮಯ ಅಳೆದರು. ಒಂಟಿಯಾಗಿ ನಿಂತವರಿಗೆ ಮೂತ್ರ ಶುರುವಾಗಲು ಸರಾಸರಿ 4.9 ಸೆಕೆಂಡು ಹಿಡಿಯಿತು. ನಡುವೆ ಒಂದು ಬೇಸಿನ್ ಬಿಟ್ಟು ಇನ್ನೊಬ್ಬ ನಿಂತಾಗ 6.2 ಸೆಕೆಂಡು, ತೀರಾ ಪಕ್ಕದಲ್ಲೇ ನಿಂತಾಗ 8.4 ಸೆಕೆಂಡು. ಪಾಪ, ಆ ಹುಡುಗರಿಗೆ ತಮ್ಮನ್ನು ನೋಡುತ್ತಿದ್ದಾರೆ ಎಂಬುದೇ ಗೊತ್ತಿರಲಿಲ್ಲ. ವಿಜ್ಞಾನದ ಹೆಸರಲ್ಲಿ ಇಣುಕುವುದೂ ಇಣುಕುವುದೇ, ಈ ಪ್ರಯೋಗದ ನೀತಿಯನ್ನು ಮುಂದೆ ಮನಶ್ಶಾಸ್ತ್ರಜ್ಞರೇ ಪ್ರಶ್ನಿಸಿದರು. ಆದರೂ ಅಂಕಿಗಳು ಹೇಳುವುದನ್ನು ಕೇಳದೆ ವಿಧಿಯಿಲ್ಲ. ಪಕ್ಕದಲ್ಲಿ ಮನುಷ್ಯನಿದ್ದರೆ ಸರಾಸರಿ ಗಂಡಸಿನ ದೇಹವೂ ತಡವರಿಸುತ್ತದೆ. ಬಸ್ಸಿನಿಂದಿಳಿದ ನಮ್ಮವನು ಅದೇ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದಾನೆ.

‘ಯಾರೂ ನೋಡುತ್ತಿಲ್ಲ ಬಿಡೋ’ ಎಂದು ಸಮಾಧಾನ ಹೇಳುವವರ ಮಾತು ನಿಜ, ಆದರೆ ಉಪಯೋಗಕ್ಕೆ ಬಾರದು. 1943ರಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಬರೆದ ಬೃಹತ್ ಗ್ರಂಥದಲ್ಲಿ ಬೀಗದ ಕಿಂಡಿಯಿಂದ ಇಣುಕುತ್ತಿರುವ ಒಬ್ಬನಿದ್ದಾನೆ. ಮೊಗಸಾಲೆಯಲ್ಲಿ ಹೆಜ್ಜೆ ಸಪ್ಪಳ ಕೇಳಿದೊಡನೆ ಅವನು ನಾಚಿಕೆಯಿಂದ ಕುಗ್ಗುತ್ತಾನೆ. ಅವನ ನಾಚಿಕೆಗೆ ಕಾರಣವಾದರೂ ಇತ್ತು. ಮೂತ್ರಾಲಯದಲ್ಲಿ ನಿಂತವನು ಮಾಡಬಾರದ್ದೇನೂ ಮಾಡುತ್ತಿಲ್ಲ, ಪಕ್ಕದವನು ಮೊಬೈಲ್ ನೋಡುತ್ತಿದ್ದಾನೆ. ನೋಡುತ್ತಿರುವವನು ಇವನೇ. ‘ಇಷ್ಟು ಹೊತ್ತಾಯಿತು, ಪಕ್ಕದವನು ಏನಂದುಕೊಂಡಾನು’ ಎಂದು ತನ್ನನ್ನು ತಾನೇ ಕಾಯುತ್ತಿದ್ದಾನೆ. ಊರಿನವರನ್ನೆಲ್ಲ ಆಚೆ ಕಳಿಸಿದರೂ ಈ ಕಾವಲುಗಾರ ಅಲ್ಲಿಂದ ಕದಲುವುದಿಲ್ಲ. ಬಾಗಿಲಿರುವ ಕಕ್ಕಸಿಗೆ ಹೆಚ್ಚಿನ ದುಡ್ಡು ಕೊಟ್ಟು, ಅಗುಳಿ ಹಾಕಿ, ಸದ್ದು ಕೇಳದಿರಲೆಂದು ನಲ್ಲಿ ತಿರುಗಿಸಿ ಕಾದರೂ ಕೆಲವರಿಗೆ ಬಾರದಿರುವುದು ಇದಕ್ಕೇ.

ಆಗದಿರುವುದನ್ನೂ ಒಲ್ಲದಿರುವುದನ್ನೂ ಒಂದೇ ಮಾಡಿದರೆ ಎಂಥ ಅನ್ಯಾಯವಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಸಾರಿಗೆ ಇಲಾಖೆಯ ಮಾದಕವಸ್ತು ಪರೀಕ್ಷೆಯ ನಿಯಮಗಳನ್ನು ಓದಬೇಕು. ಲಾರಿ ಚಾಲಕನೊಬ್ಬ 45 ಮಿಲಿಲೀಟರ್ ಮೂತ್ರ ಕೊಡಬೇಕು. ಬಾರದಿದ್ದರೆ 3 ಗಂಟೆ ಸಮಯ, ಕುಡಿಯಲು 40 ಔನ್ಸ್‌ವರೆಗೆ, ಅಂದರೆ ಸುಮಾರು 1.2 ಲೀಟರ್ ನೀರು. ಆಗಲೂ ಆಗದಿದ್ದರೆ ವೈದ್ಯರ ತಪಾಸಣೆ. ಮೊದಲೇ ದಾಖಲಾದ ಮಾನಸಿಕ ತೊಂದರೆಯಿದ್ದರೆ ಬಚಾವು, ಆದರೆ ಆಧಾರವಿಲ್ಲದೆ ‘ಆ ಸನ್ನಿವೇಶದಲ್ಲಿ ಗಾಬರಿಯಾಯಿತು’ ಎಂದರೆ ನಡೆಯದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆಗ ಅದನ್ನು ಪರೀಕ್ಷೆ ನಿರಾಕರಿಸಿದಂತೆ ಬರೆದುಕೊಳ್ಳುತ್ತಾರೆ. ವಂಚಕರು ನುಸುಳದಿರಲಿ ಎಂಬ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಸಂಕಟವನ್ನು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟವನ ಹತ್ತಿರ ದಾಖಲೆ ಎಲ್ಲಿಂದ ಬರಬೇಕು? ಮುಚ್ಚಿಡುವುದೇ ಈ ರೋಗದ ಲಕ್ಷಣ. 2023ರಲ್ಲಿ ನಿಯಮ ತಿದ್ದಿ ಮೂತ್ರದ ಬದಲು ಜೊಲ್ಲಿನ ಪರೀಕ್ಷೆಗೂ ಅವಕಾಶ ಕೊಟ್ಟದ್ದು ಒಳ್ಳೆಯ ಕೆಲಸ.

ಹಾಗಾದರೆ ದಾರಿ? ಮೊದಲು ಮೂತ್ರರೋಗ ತಜ್ಞರಲ್ಲಿ ತೋರಿಸಿ ಪ್ರಾಸ್ಟೇಟ್ ಮುಂತಾದ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಆಮೇಲಿನದು ಹಂತಹಂತದ ಅಭ್ಯಾಸ. ಸಾಕಷ್ಟು ನೀರು ಕುಡಿದು ಮನೆಯ ಬಚ್ಚಲಲ್ಲಿ, ನಂಬಿಕಸ್ಥ ಗೆಳೆಯನೊಬ್ಬ ಹಜಾರದಲ್ಲಿ ಕೂತಿರುವಾಗ ಶುರು ಮಾಡುವುದು. ಅದು ಸಲೀಸಾದ ಮೇಲೆ ಗೆಳೆಯ ಬಾಗಿಲ ಹತ್ತಿರಕ್ಕೆ ಬರುವುದು, ಆಮೇಲೆ ಜನವಿಲ್ಲದ ಹೊತ್ತಿನ ಮಾಲ್, ಕಡೆಗೆ ಬಸ್ ನಿಲ್ದಾಣ. ಒಂದು ಹಂತದಲ್ಲಿ ಆಗದಿದ್ದರೆ ಸೋಲೆಂದು ಬರೆದುಕೊಳ್ಳದೆ ಹಿಂದಿನ ಹಂತಕ್ಕೆ ಮರಳುವುದು. ಪ್ರಯಾಣದ ದಿನ ನೀರೇ ಕುಡಿಯದಿರುವುದು ಉಪಾಯವೇ ಅಲ್ಲ, ಅದರಿಂದ ಮೂತ್ರಪಿಂಡಕ್ಕೆ ತೊಂದರೆ, ಹೆದರಿಕೆಗೂ ಗೊಬ್ಬರ.

ಅಭ್ಯಾಸದ ಜೊತೆಗೆ ಮೂತ್ರಾಲಯಗಳಲ್ಲಿ ಅಡ್ಡಗೋಡೆಗಳೂ ಬೇಕು ಎಂದರೆ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುವುದಾದರೆ, ಎಲ್ಲೆಡೆ ಅಡ್ಡಗೋಡೆ ಕಟ್ಟುವುದರಿಂದ ಅದನ್ನೇ ಸಾಕಿದಂತಾಗುವುದಿಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಅಭ್ಯಾಸ ಫಲಿಸುವುದು ಮೆಟ್ಟಿಲನ್ನು ಅವನೇ ಆರಿಸಿಕೊಂಡಾಗ. ಗೋಡೆಯಿಲ್ಲದ ಮೂತ್ರಾಲಯ ಮೆಟ್ಟಿಲನ್ನೇ ಕಿತ್ತು ಹಾಕಿ ನೇರ ಅಟ್ಟಕ್ಕೆ ಹಾರು ಎನ್ನುತ್ತದೆ. ಶಾಲೆಯ ಗಂಟೆ ಹೊಡೆದಾಗ ಬೋಳು ಗೋಡೆಗೆ ಸಾಲಾಗಿ ನಿಲ್ಲಿಸಿ, ‘ಏನೋ, ಇನ್ನೂ ಬರಲಿಲ್ವಾ’ ಎಂದು ನಗುವ ಮಕ್ಕಳ ನಡುವೆ ಬಿಟ್ಟರೆ ಹುಡುಗ ಗಟ್ಟಿಗನಾಗುವುದಿಲ್ಲ, ಸಂಜೆಯವರೆಗೆ ತಡೆದುಕೊಳ್ಳಲು ಕಲಿಯುತ್ತಾನೆ. ಹೆಂಗಸರ ಪಾಡು ಇನ್ನೂ ಹಳೆಯದು. ಮೂತ್ರ ಬಾರದ ಈ ತೊಂದರೆ ಅವರಿಗೂ ಉಂಟು, ಆದರೆ ಸಂತೆ, ಹೊಲ, ಬಸ್ಸುಗಳಲ್ಲಿ ಇಡೀ ದಿನ ಬಿಗಿಹಿಡಿದೇ ಇರಬೇಕಾದವರಿಗೆ ಅದನ್ನು ಬೇರೆಯಾಗಿ ಗುರುತಿಸಿಕೊಳ್ಳುವ ಸವಲತ್ತೂ ಸಿಕ್ಕಿಲ್ಲ.

ಆದ್ದರಿಂದ ಪಂಚಾಯಿತಿಯಿಂದ ಪಾಲಿಕೆಯವರೆಗೆ ಮೂತ್ರಾಲಯ ಕಟ್ಟಿಸುವ ಎಲ್ಲರಲ್ಲೂ ಒಂದು ಕೋರಿಕೆ: ಎರಡು ಬೇಸಿನ್ನುಗಳ ನಡುವೆ ಹೆಗಲೆತ್ತರಕ್ಕೆ ಒಂದು ಕಡಪ ಕಲ್ಲು ನಿಲ್ಲಿಸಿ, ಗಂಡಸರ ಕಡೆಯೂ ಚಿಲಕವಿರುವ ಕೋಣೆಗಳನ್ನು ಹೆಚ್ಚು ಕಟ್ಟಿಸಿ. ಸಾಲಿನಲ್ಲಿ ಹಿಂದೆ ನಿಂತವರಲ್ಲಿ ಇನ್ನೊಂದು: ಮುಂದಿನವನು ತಡಮಾಡಿದರೆ ದಯವಿಟ್ಟು ಏನೂ ಅನ್ನಬೇಡಿ.